ವಜಾ ಎಂಬ ಒಂದೇ ಮಾತು

ಕುಷ್ಟಗಿಯಲ್ಲೋ ಯಲಬುರ್ಗಾದಲ್ಲೋ ಹೊಲದ ಬದುವಿನ ಸಲುವಾಗಿ ಒಂದು ದಾವೆ ಹುಟ್ಟಿತು ಎಂದುಕೊಳ್ಳೋಣ. ತಾಲೂಕಿನ ಕೋರ್ಟಿನಲ್ಲಿ ಸೋತವನು ಮೇಲ್ಮನವಿ ಹಾಕುತ್ತಾನೆ. ಅಲ್ಲಿಯೂ ಸೋತರೆ ಎರಡನೇ ಮೇಲ್ಮನವಿಗೆಂದು ಹೈಕೋರ್ಟಿಗೆ ಹೋಗುತ್ತಾನೆ. 2008ರಲ್ಲಿ ಧಾರವಾಡಕ್ಕೆ ಸಂಚಾರಿ ಪೀಠ ಬಂದ ಮೇಲೆ ಕೊಪ್ಪಳ ಸೀಮೆಯವರಿಗೆ ಬೆಂಗಳೂರಿನ ದಾರಿ ತಪ್ಪಿದೆ. ವರ್ಷಗಳು ಕಳೆದು ಒಂದು ದಿನ ವಕೀಲರ ಕಡೆಯಿಂದ ಫೋನು ಬರುತ್ತದೆ: "ಅಪೀಲು ವಜಾ ಆತು." ಆತ ಮೊದಲು ಕೇಳುವುದು, "ಜಡ್ಜ್ ಸಾಹೇಬ್ರು ಏನಂದ್ರಿ?" ಎಂದು. ಸೋತೆನೋ ಗೆದ್ದೆನೋ ಎಂಬುದು ಆಗಲೇ ಗೊತ್ತಾಗಿದೆ. ಈಗ ಅವನಿಗೆ ಬೇಕಾಗಿರುವುದು ತನ್ನ ಮಾತು ಯಾರ ಕಿವಿಗಾದರೂ ಬಿತ್ತೋ ಇಲ್ಲವೋ ಎಂಬುದು.

ಈ ಪ್ರಶ್ನೆಗೆ 'ವಜಾ' ಎಂಬ ಮಾತಿನಲ್ಲಿ ಉತ್ತರವಿಲ್ಲ. ಮೇಲ್ಮನವಿ ಅವಧಿ ಮೀರಿ ಬಂದಿದ್ದರೆ ವಜಾ. ಕೂಗಿದ ದಿನ ಯಾರೂ ಹಾಜರಿಲ್ಲದಿದ್ದರೆ ವಜಾ. ಎದುರು ಪಕ್ಷದವರನ್ನು ಕರೆಸುವ ಮೊದಲೇ, ಹೊಸ್ತಿಲಲ್ಲೇ ನಿಂತರೆ ವಜಾ. ಎರಡೂ ಕಡೆಯ ವಾದ ಕೇಳಿ, ಕೆಳಗಿನ ತೀರ್ಪು ಸರಿಯೆಂದು ಕಂಡರೂ ವಜಾ. ನೌಕರಿಯಿಂದ ತೆಗೆದುಹಾಕುವುದಕ್ಕೂ ನಾವು ಬಳಸುವುದು ಇದೇ ಮಾತನ್ನೇ.

ಕಾನೂನು ಮಾತ್ರ ಇವೆಲ್ಲ ಒಂದೇ ಎನ್ನುವುದಿಲ್ಲ. ಸಿವಿಲ್ ಪ್ರಕ್ರಿಯಾ ಸಂಹಿತೆಯ 41ನೇ ಆದೇಶದ 17ನೇ ನಿಯಮ, ಮೇಲ್ಮನವಿದಾರ ಗೈರಾದರೆ ಅರ್ಜಿಯನ್ನು ವಜಾ ಮಾಡಬಹುದು ಎನ್ನುತ್ತದೆ. ಆದರೆ ಗೈರಿನ ನೆಪದಲ್ಲಿ ವಿಷಯದ ಸರಿತಪ್ಪು ತೀರ್ಮಾನಿಸುವ ಅಧಿಕಾರ ಅಲ್ಲಿಲ್ಲ ಎಂದು ಅದರ ವಿವರಣೆಯೇ ಹೇಳುತ್ತದೆ. 19ನೇ ನಿಯಮ ಇನ್ನೊಂದು ಬಾಗಿಲು ತೆರೆಯುತ್ತದೆ: ಬಾರದಿದ್ದುದಕ್ಕೆ ತಕ್ಕ ಕಾರಣ ತೋರಿಸಿದರೆ ಮೇಲ್ಮನವಿ ಮತ್ತೆ ಜೀವ ಪಡೆಯುತ್ತದೆ. ಅದಕ್ಕಿರುವುದು 30 ದಿನ. 'ವಜಾ ಆತು' ಎಂದಷ್ಟೇ ಕೇಳಿ ಎಲ್ಲ ಮುಗಿಯಿತೆಂದು ಮನೆಯಲ್ಲಿ ಕುಳಿತವನ ಪಾಲಿಗೆ ಆ 30 ದಿನಗಳು ಸುಮ್ಮನೆ ಉರುಳಿಹೋಗುತ್ತವೆ. ಹೀಗೆ ಒಂದು ಪದ ಒಂದು ಹಕ್ಕನ್ನೇ ನುಂಗಬಲ್ಲದು.

ದೂರದ ಸ್ಪ್ಯಾನಿಷ್ ಭಾಷೆಯ ಕಾನೂನನ್ನು ಇಂಗ್ಲಿಷಿಗೆ ತರುವವರಿಗೂ ಇಂಥದೇ ತೊಡಕು. ಅಲ್ಲಿ 'ಇನಾದ್ಮಿತೀರ್' ಎಂದರೆ ಒಳಗೆ ಬಿಟ್ಟುಕೊಳ್ಳದಿರುವುದು. 'ದೆಸೆಸ್ತಿಮಾರ್' ಎಂದರೆ ಕೇಳಿದ ಮೇಲೆ ಒಪ್ಪದಿರುವುದು. ಅವಸರದ ಅನುವಾದದಲ್ಲಿ ಎರಡೂ 'ಡಿಸ್ಮಿಸ್ಡ್' ಆಗುತ್ತವೆ. ಹಾಗೆಯೇ 'ರೆಕುರ್ಸೋ' ಎಂಬುದು ಮೊರೆಹೋಗುವ ಹಲವು ದಾರಿಗಳಿಗೆ ಒಟ್ಟು ಹೆಸರು. ತೀರ್ಪು ಕೊಟ್ಟವರ ಮುಂದೆಯೇ ಮತ್ತೆ ನಿಲ್ಲುವುದೂ ಅದರಲ್ಲಿ ಸೇರಿದೆ, ಮೇಲಿನ ಕೋರ್ಟಿಗೆ ಹೋಗುವುದೂ ಸೇರಿದೆ. ಎಲ್ಲಕ್ಕೂ 'ಅಪೀಲು' ಎಂದರೆ ಯಾರ ಬಳಿ ಹೋಗುತ್ತಿದ್ದೇವೆ ಎಂಬುದೇ ಮರೆಯಾಗುತ್ತದೆ. 'ಕಸಾಸಿಯೋನ್' ಎಂಬ ದಾರಿಯಲ್ಲಿ ಸಾಮಾನ್ಯವಾಗಿ ಸಾಕ್ಷಿ ಪುರಾವೆಗಳನ್ನು ಮತ್ತೆ ತೂಗುವುದಿಲ್ಲ. ಕಾನೂನು ತಪ್ಪಾಗಿದ್ದರೆ ತೀರ್ಪನ್ನು ಮುರಿಯುತ್ತಾರೆ, ಅಷ್ಟೆ.

ನಮ್ಮ ಎರಡನೇ ಮೇಲ್ಮನವಿ ಇದಕ್ಕೆ ಹತ್ತಿರದ್ದು. 1976ರ ತಿದ್ದುಪಡಿಯ ನಂತರ ಸಂಹಿತೆಯ 100ನೇ ಕಲಮಿನಡಿ ಗಣನೀಯವಾದ ಕಾನೂನು ಪ್ರಶ್ನೆ ಇದ್ದರೆ ಮಾತ್ರ ಹೈಕೋರ್ಟು ಅದನ್ನು ಕೈಗೆತ್ತಿಕೊಳ್ಳುತ್ತದೆ. ಬದು ಎಲ್ಲಿತ್ತು, ಯಾರು ಒತ್ತಿದರು ಎಂಬ ಪ್ರಶ್ನೆ ಬಹುಮಟ್ಟಿಗೆ ಕೆಳಗೇ ಮುಗಿದಿರುತ್ತದೆ. 'ಎರಡನೇ' ಎಂಬ ಮಾತು ಕೇಳಿದವನು ಮೊದಲಿನದೇ ಇನ್ನೊಮ್ಮೆ ನಡೆಯುತ್ತದೆ ಎಂದುಕೊಂಡು ಧಾರವಾಡದ ಬಸ್ಸು ಹತ್ತಿದರೆ ತಪ್ಪು ಅವನದಲ್ಲ. ಹೆಸರೇ ಹಾಗೆ ನಂಬಿಸಿದೆ.

ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾಗಳಿಗೆ ಪರಭಾಷೆಯ ನ್ಯಾಯ ಹೊಸದಲ್ಲ. 1948ರವರೆಗೆ ಇದು ನಿಜಾಮರ ಸೀಮೆ. ಆಡಳಿತದ ಮಾತು ಉರ್ದು. ಆ ಭಾಷೆಯ ಕಾನೂನಿನಲ್ಲಿ ರಿವ್ಯೂ ಎಂಬುದು 'ನಜರೆ ಸಾನಿ', ಅಂದರೆ ಎರಡನೇ ನೋಟ. ರಿವಿಜನ್ ಎಂಬುದು 'ನಿಗರಾನಿ', ಅಂದರೆ ಕಾವಲುನೋಟ: ಕೆಳಗಿನ ಕೋರ್ಟು ತನ್ನ ಅಧಿಕಾರದ ಗಡಿಯೊಳಗೆ ನಡೆದುಕೊಂಡಿತೇ ಎಂದು ಮೇಲಿನದು ಕಣ್ಣಿಡುವುದು. ಈಗ ನಾವು ಒಂದಕ್ಕೆ 'ಪುನರ್ವಿಮರ್ಶೆ', ಇನ್ನೊಂದಕ್ಕೆ 'ಪುನರೀಕ್ಷಣೆ' ಎನ್ನುತ್ತೇವೆ. ಎರಡೂ ನಮ್ಮವೆನ್ನುವ ಪದಗಳೇ, ಆದರೆ ಯಾವುದು ಯಾವುದೆಂದು ಅವುಗಳ ಮುಖ ನೋಡಿ ಹೇಳಲಾಗದು. ತನ್ನದಲ್ಲದ ಭಾಷೆಯ ಪದ ವಿಷಯವನ್ನು ತಿಳಿಯಾಗಿ ಹೇಳಿ, ತನ್ನ ಭಾಷೆಯ ಪದ ಮಸುಕಾಗಿಸುವುದೂ ಉಂಟು. ಆದ್ದರಿಂದ ಕನ್ನಡದಲ್ಲಿ ಹೇಳಿಬಿಟ್ಟರೆ ನ್ಯಾಯ ತಿಳಿಸಿದಂತಾಯಿತು ಎನ್ನುವುದು ಅರ್ಧ ಮಾತು.

ಇನ್ನರ್ಧ, ಮಾತು ಯಾವ ದಿಕ್ಕಿಗೆ ಹೋಗುತ್ತದೆ ಎಂಬುದು. ಸಂವಿಧಾನದ 348ನೇ ವಿಧಿಯ ಪ್ರಕಾರ ಹೈಕೋರ್ಟಿನ ಭಾಷೆ ಮೂಲತಃ ಇಂಗ್ಲಿಷ್. ಕೆಳಗಿನ ಕೋರ್ಟಿನ ಕನ್ನಡ ದಾಖಲೆಗಳು ಇಂಗ್ಲಿಷಾಗಿ, ಬೆರಳಚ್ಚಾಗಿ, ಪುಟಗಟ್ಟಲೆ ಮೇಲಕ್ಕೆ ಹೋಗುತ್ತವೆ. ಅಲ್ಲಿಂದ ಇಂಗ್ಲಿಷಿನಲ್ಲಿ ಬಂದ ಆದೇಶ ಕಕ್ಷಿದಾರನ ಮನೆ ಮುಟ್ಟುವಷ್ಟರಲ್ಲಿ ಎಷ್ಟೋ ಸಲ ಒಂದೇ ಪದವಾಗಿರುತ್ತದೆ. ಅಧಿಕಾರಕ್ಕೆ ತಿಳಿಸುವಾಗ ಒಂದಕ್ಷರ ತಪ್ಪಬಾರದು. ಬಡವನಿಗೆ ತಿಳಿಸುವಾಗ ಸಾರಾಂಶ ಸಾಕು. ಈ ಅಸಮಾನತೆಗೆ ನಾವು ಎಷ್ಟು ಒಗ್ಗಿಹೋಗಿದ್ದೇವೆಂದರೆ ಅದು ಅನ್ಯಾಯವೆಂದೇ ಅನ್ನಿಸುವುದಿಲ್ಲ.

ಇದಕ್ಕೆ ಎದುರುಮಾತೂ ಇದೆ. ಕಾನೂನಿನ ಪದಗಳನ್ನು ಬಿಡಿಸಿ ಹೇಳಹೊರಟರೆ ಬಿಗಿ ತಪ್ಪುತ್ತದೆ. ಬಿಡಿಸಿ ಹೇಳಿದವರ ಅಭಿಪ್ರಾಯವೂ ಅದರಲ್ಲಿ ಬೆರೆಯುತ್ತದೆ. ವಕೀಲರಿಗೆ ದಿನಕ್ಕೆ ಹತ್ತಾರು ಕೇಸು, ಎಲ್ಲರನ್ನೂ ಕೂರಿಸಿ ಪಾಠ ಹೇಳಲು ಪುರುಸೊತ್ತಿಲ್ಲ. ಇದು ನಿಜವೇ. ಆದೇಶದ ಹಾಳೆಯಲ್ಲಿ ಬಿಗಿಯಾದ ಪದವೇ ಇರಲಿ. ಆದರೆ ಆ ಹಾಳೆಯನ್ನು ಮನುಷ್ಯನಿಗೆ ದಾಟಿಸುವವರು, ಅವರು ವಕೀಲರಿರಲಿ, ಗುಮಾಸ್ತರಿರಲಿ, ಕಾಲೇಜು ಓದುವ ಮಗಳಿರಲಿ, ಎರಡು ಸಂಗತಿಗಳನ್ನು ಹೇಳದೆ ಬಿಡುವಂತಿಲ್ಲ: ನಿಮ್ಮ ಮಾತು ಕೇಳಿದರೋ ಇಲ್ಲವೋ, ಇನ್ನು ಯಾವ ಬಾಗಿಲು, ಎಷ್ಟು ದಿನ ತೆರೆದಿದೆ. ಇವೆರಡಕ್ಕೆ ಬೇಕಾಗುವುದು ಎರಡು ವಾಕ್ಯ.

ಸೋಲನ್ನು ಮನುಷ್ಯ ತಾಳಿಕೊಳ್ಳುತ್ತಾನೆ. ಕೇಳಿ ಇಲ್ಲ ಎಂದವರ ಮೇಲೆ ಸಿಟ್ಟಾಗುವುದಕ್ಕಾದರೂ ಅವನಿಗೆ ಒಂದು ಕಾರಣ ಸಿಗುತ್ತದೆ. ತನ್ನ ಮಾತನ್ನು ಕೇಳಿದರೋ ಇಲ್ಲವೋ ಎಂಬುದೇ ತಿಳಿಯದಿದ್ದರೆ ಒಪ್ಪುವುದಕ್ಕೂ ಏನಿಲ್ಲ, ಜಗಳಾಡುವುದಕ್ಕೂ ಏನಿಲ್ಲ. ಪದಕ್ಕೆ ಪದ ಸರಿಹೊಂದಿದರೂ ಅವನನ್ನು ಆ ಕತ್ತಲೆಯಲ್ಲೇ ಬಿಟ್ಟ ಅನುವಾದ, ಅನುವಾದವಾಗಿ ಸರಿ. ಮನುಷ್ಯ ಮನುಷ್ಯನಿಗೆ ಆಡಿದ ಮಾತಾಗಿ ಸರಿಯಲ್ಲ.