ಬೆಕ್ಕಿನ ಹಕ್ಕು



ಬೆಕ್ಕೊಂದನ್ನು ಕಟ್ಟಿಹಾಕಿ, ತಾನೂ ಉಣಿಸದೆ, ಹುಳಹುಪ್ಪಟೆ ತಿನ್ನಲೂ ಬಿಡದೆ ಸಾಯಿಸಿದ ಸ್ತ್ರೀಯು ನರಕಕ್ಕೆ ಅರ್ಹಳಾದುದನ್ನು ಪ್ರವಾದಿವರ್ಯರು(ಸ) ತಿಳಿಸಿರುವರು. ‘ಎಂಥ ಕ್ರೂರಿ!’ ಎನ್ನುತ್ತೇವೆ ನಾವು. ಇಂದು ಮನುಷ್ಯನು ಬೆಕ್ಕನ್ನು ಕಟ್ಟಿಹಾಕಿಲ್ಲ. ಅದರ ಅನ್ನಕ್ಕೇ ವಿಷವಿಕ್ಕಿದ್ದಾನೆ.

1986ರ ಎಪ್ರಿಲ್ 26ರಂದು ಅಂದಿನ ಸೋವಿಯತ್ ಒಕ್ಕೂಟದ ಚೆರ್ನೋಬಿಲ್ ಅಣುಸ್ಥಾವರವು ಸಿಡಿಯಿತು. ಅದರ ವಿಕಿರಣಶೀಲ ಸೀಸಿಯಂ ಗಾಳಿಯಲ್ಲಿ ತೇಲಿ, ದೂರದ ಸ್ವೀಡನ್ನಿನಲ್ಲಿ ಮಳೆಯೊಂದಿಗೆ ಇಳಿಯಿತು. ಕಲ್ಲುಹೂವು ಅದನ್ನು ಹೀರಿತು. ಕಲ್ಲುಹೂವನ್ನು ಹಿಮಸಾರಂಗ ಮೇಯಿತು. ಹಿಮಸಾರಂಗವನ್ನು ಲಿಂಕ್ಸ್ ಎಂಬ ಕಾಡುಬೆಕ್ಕು ತಿಂದಿತು. ಈ ಸೀಸಿಯಂ ಅರ್ಧಕ್ಕಿಳಿಯಲು ಸುಮಾರು 30 ವರ್ಷ ಬೇಕು. ಪಾದರಸವೂ ಹೀಗೆಯೇ: ಕಿರುಮೀನಿನಿಂದ ದೊಡ್ಡ ಮೀನಿಗೆ, ಅದರಿಂದ ನೀರುನಾಯಿಗೆ, ಮೆಟ್ಟಿಲು ಮೆಟ್ಟಿಲಿಗೂ ಹೆಚ್ಚುತ್ತಾ ಹೋಗುತ್ತದೆ. ಬೇಟೆಯ ಪ್ರಾಣಿಗೇ ಅದರ ದೊಡ್ಡ ಪಾಲು.

ಭೂಮಿ ನಮ್ಮ ಸೊತ್ತಲ್ಲ, ಅಲ್ಲಾಹನ ಅಮಾನತ್. ನೆಲ-ಜಲಗಳ ಕೇಡಿಗೆ ಮನುಷ್ಯನ ಕರ್ಮಗಳೇ ಕಾರಣವೆಂದು ಪವಿತ್ರ ಕುರ್‌ಆನ್ (30:41) ಎಚ್ಚರಿಸಿದೆ. ಚೆರ್ನೋಬಿಲ್ ನಮ್ಮ ಕೈಯಲ್ಲಿರಲಿಲ್ಲ, ನಿಜ. ಆದರೆ ಹಳೆಯ ಬ್ಯಾಟರಿಯ ಸೀಸ, ಒಡೆದ ಟ್ಯೂಬ್‌ಲೈಟಿನ ಪಾದರಸ ತೋಡಿಗೆ ಸೇರುವುದು ನಮ್ಮ ಕೈಯಿಂದಲೇ ಅಲ್ಲವೇ? ಬ್ಯಾಟರಿಯನ್ನು ಅಂಗಡಿಗೇ ಮರಳಿಸಿರಿ. ಟ್ಯೂಬನ್ನು ಒಡೆದು ಎಸೆಯದಿರಿ.

ಆ ಸ್ತ್ರೀಗೆ ತನ್ನ ಬೆಕ್ಕು ಕಣ್ಣೆದುರಿಗಿತ್ತು. ನಮ್ಮ ಬೆಕ್ಕು ನಮಗೆ ಕಾಣಿಸದು. ಆದರೆ ಅಲ್ಲಾಹನು ಅದನ್ನು ಕಾಣುತ್ತಿದ್ದಾನೆ. ನಾಳೆ ವಿಚಾರಣೆಯ ದಿನ ‘ತಿಳಿದಿರಲಿಲ್ಲ’ ಎಂಬ ನೆಪ ನಮಗಿಲ್ಲ.