ಪಡೆಯುವವರೋ, ಕೇಳುವವರೋ?



ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಜರ್ಮನಿಯಲ್ಲಿ ನರ್ಸ್. ಮೊನ್ನೆ ಫೋನ್ ಮಾಡಿದಾಗ, "ಸರ್, ಇಲ್ಲಿ ಮೊಬೈಲಿಗೆ 'ಹ್ಯಾಂಡಿ' ಅಂತಾರೆ. ನೋಡೋಕೆ ಇಂಗ್ಲಿಷ್ ಪದ, ಆದರೆ ಇಂಗ್ಲಿಷಿನಲ್ಲಿ ಆ ಅರ್ಥವೇ ಇಲ್ಲ" ಎಂದು ನಕ್ಕಳು. ಕನ್ನಡ ಮೇಷ್ಟ್ರು ಬಿಡುತ್ತಾರೆಯೇ? ಇನ್ನಷ್ಟು ಹೇಳು ಎಂದೆ.

ನಾವು 'ರಿಸೀವರ್' ಎಂದು ಮುಗಿಸುವುದಕ್ಕೆ ಅಲ್ಲಿ ಎರಡು ಪದಗಳಿವೆ. ರೇಡಿಯೊ ಯಂತ್ರ 'ಎಂಪ್‌ಫೆಂಗರ್', ಬಂದದ್ದನ್ನು ಪಡೆಯುವುದು. ಕಾಗದ ಪಡೆಯುವ ವಿಳಾಸದಾರನಿಗೂ ಅದೇ ಪದ. ಫೋನಿನಲ್ಲಿ ಕಿವಿಗೆ ಹಿಡಿಯುವ ಭಾಗ 'ಹ್ಯೋರರ್', ಕೇಳುವುದು. ಕಿವಿಗೊಟ್ಟು ಕೇಳುವ ಮನುಷ್ಯನಿಗೂ ಅದೇ ಪದ.

1933ರಲ್ಲಿ ನಾಜಿ ಆಡಳಿತ 76 ಮಾರ್ಕಿನ ಅಗ್ಗದ ರೇಡಿಯೊ ಹೊರತಂದಿತು. ಹೆಸರು 'ಫೋಲ್ಕ್ಸ್‌ಎಂಪ್‌ಫೆಂಗರ್', ಜನರ ರಿಸೀವರ್. ಮಾದರಿ ಸಂಖ್ಯೆ 301, ಹಿಟ್ಲರ್ ಅಧಿಕಾರಕ್ಕೆ ಬಂದ ಜನವರಿ 30ರ ಗುರುತು. 1939ರಲ್ಲಿ ಯುದ್ಧ ಶುರುವಾದಾಗ ಹೊರದೇಶದ ಪ್ರಸಾರ ಕೇಳುವುದೇ ಅಪರಾಧವಾಯಿತು. ಜನ ಕೊಟ್ಟದ್ದನ್ನು ಪಡೆಯಬೇಕಿತ್ತು, ಅಷ್ಟೇ. 1921ರಲ್ಲಿ ಬಾಬಾಸಾಹೇಬರು ಬಾನ್ ವಿಶ್ವವಿದ್ಯಾಲಯದಲ್ಲಿ ಹೆಸರು ನೋಂದಾಯಿಸಿದ್ದ ದೇಶವದು. ಅಂಥ ವಿದ್ಯಾವಂತರ ನಾಡಿಗೂ ಹೀಗಾಯಿತು.

ಇದನ್ನು ಯಾರಿಗೋ ಬುದ್ಧಿ ಹೇಳಲು ಬರೆಯುತ್ತಿಲ್ಲ. ಕಳೆದ ಭೀಮ ಜಯಂತಿಯ ಹಿಂದಿನ ದಿನ, ಬಾಬಾಸಾಹೇಬರ ಮಾತೆಂದು ಬಂದ ಒಂದು ಸಾಲನ್ನು ನಾನು ಈ ಗುಂಪಿಗೆ ಕಳಿಸಿದ್ದೆ. ನನ್ನ ತರಗತಿಯ ಹುಡುಗಿ ಅದನ್ನು ಭಾಷಣದಲ್ಲಿ ಹೇಳಿದಳು, ಚಪ್ಪಾಳೆ ಬಿತ್ತು. ಮರುದಿನ ಅವಳು, "ಸರ್, ಇದು ಯಾವ ಸಂಪುಟದಲ್ಲಿದೆ?" ಎಂದು ಕೇಳಿದಳು. ಹುಡುಕಿದೆ, ಸಿಗಲಿಲ್ಲ. ತರಗತಿಯಲ್ಲಿ ತಪ್ಪೊಪ್ಪಿಕೊಂಡೆ. ಇಲ್ಲಿ ಸುಮ್ಮನಿದ್ದೆ. ಇಂದು ಒಪ್ಪಿಕೊಳ್ಳುತ್ತಿದ್ದೇನೆ, ಕ್ಷಮಿಸಿ.

ಪ್ರೀತಿಯಿಂದ ಕಳಿಸಿದ್ದಲ್ಲವೇ, ತಿಳಿಯದೆ ಹೇಳಿದ್ದು ಸುಳ್ಳು ಹೇಗಾಗುತ್ತದೆ ಎಂದು ನನ್ನ ಮನಸ್ಸೂ ವಾದಿಸಿತು. ಸುಳ್ಳಲ್ಲದಿರಬಹುದು. ಆದರೆ ತಿಳಿದುಕೊಳ್ಳಲು ಯತ್ನಿಸದೇ ಇದ್ದದ್ದು ನನ್ನದೇ ಆಯ್ಕೆ. ಆ ಸಾಲು ನನಗೆ ಇಷ್ಟವಾಗಿತ್ತು, ಅದಕ್ಕೇ ಪರೀಕ್ಷಿಸಲಿಲ್ಲ. ಕೇಳಿಬಂತೆಂದು, ಪರಂಪರೆಯೆಂದು, ಗುರು ಹೇಳಿದನೆಂದು ಒಪ್ಪಬೇಡಿ ಎಂದು ಭಗವಾನ್ ಬುದ್ಧರು ಕಾಲಾಮರಿಗೆ ಹೇಳಿದ್ದು ನಮಗೆ ಇಷ್ಟವಾದ ಮಾತಿಗೂ ಅನ್ವಯಿಸುತ್ತದೆ.

ನಮ್ಮ ಕನ್ನಡದಲ್ಲಿ 'ಕೇಳು' ಎಂದರೆ ಆಲಿಸು ಎಂದೂ ಹೌದು, ಪ್ರಶ್ನಿಸು ಎಂದೂ ಹೌದು. ಆ ಹುಡುಗಿ ಎರಡನ್ನೂ ಮಾಡಿದಳು. ನಾನು ಪಡೆದೆ, ದಾಟಿಸಿದೆ.

ಇವತ್ತು ಯಾವುದನ್ನಾದರೂ ಫಾರ್ವರ್ಡ್ ಮಾಡುವ ಮುನ್ನ ಒಮ್ಮೆ ಕೇಳೋಣ: ಇದು ಎಲ್ಲಿದೆ? ಈ ಬರಹಕ್ಕೂ ಅದೇ ಪ್ರಶ್ನೆ ಇರಲಿ.

ಜೈ ಭೀಮ್ 🙏