ಅಪ್ಪನ ಸಿ.ಡಿ.

ಅಪ್ಪ ಕೊಂಡಿದ್ದ ಭೀಮಸೇನ ಜೋಶಿಯವರ ದಾಸವಾಣಿಯ ಸಿ.ಡಿ. ಪುಣೆಯಲ್ಲಿ ನನ್ನ ಬಳಿ ಇತ್ತು. ಅಪ್ಪ ಹೋದ ಮೇಲೆ ಗದಗಿನಲ್ಲಿರುವ ತಮ್ಮ ಅದನ್ನು ಕೇಳಿದ. ಗದಗ ಸೀಮೆಯಲ್ಲಿ ಹುಟ್ಟಿ ಪುಣೆಯಲ್ಲಿ ನೆಲೆಸಿ, 2011ರಲ್ಲಿ ಇಲ್ಲೇ ತೀರಿಕೊಂಡವರ ದನಿ. ಊರಿಗೆ ಮರಳಲಿ ಎಂದುಕೊಂಡೆ.

ಕಳಿಸುವ ಮುನ್ನ ಲಿನಕ್ಸ್ ಕಂಪ್ಯೂಟರಿನಲ್ಲಿ ಅದರ ಪ್ರತಿ ತೆಗೆದೆ. ಸಿಡಿಪ್ಯಾರನೋಯಿಯಾ ಎಂಬ ತಂತ್ರಾಂಶ ಗೀರು ಬಿದ್ದ ಜಾಗವನ್ನು ಮತ್ತೆ ಮತ್ತೆ ಓದಿ ತಾಳೆ ನೋಡುತ್ತದೆ. ಓದಿದ್ದನ್ನು ಫ್ಲಾಕ್ ಕಡತವಾಗಿ ಉಳಿಸಿದರೆ, ಎಂಪಿ3ಯಲ್ಲಿ ಆಗುವ ಹಾಗಲ್ಲದೆ, ಏನೂ ಕಳೆದುಹೋಗುವುದಿಲ್ಲ.

ಅವ್ವನ ಪಾಟ್ಲಿ ಒಬ್ಬರ ಪಾಲಿಗೆ ಹೋದರೆ ಇನ್ನೊಬ್ಬರಿಗಿಲ್ಲ. ಈ ಹಾಡು ಮಾತ್ರ ಇಬ್ಬರಿಗೂ ಪೂರ್ತಿ ಬಂತು. ಯಾರಿಗೂ ನಷ್ಟವಾಗದಿದ್ದರೆ ತಪ್ಪೆಲ್ಲಿ?

1957ರ ಕೃತಿಸ್ವಾಮ್ಯ ಕಾಯ್ದೆ ಖಾಸಗಿ ಬಳಕೆಗೆ ಒಂದಿಷ್ಟು ರಿಯಾಯಿತಿ ಕೊಡುತ್ತದೆ. ಕಾಯ್ದೆಯ ಮಾತು ಹಾಗಿರಲಿ. ಅಪ್ಪ ದುಡ್ಡು ಕೊಟ್ಟದ್ದು ಒಂದು ಮನೆಗೆ. ಮನೆ ಈಗ ಎರಡಾಗಿದೆ. ನಷ್ಟ ಕಾಣದಿರುವುದು ಬೇರೆ, ಇಲ್ಲದಿರುವುದು ಬೇರೆ. ಹಾಡಿದವರು, ತಬಲಾ ನುಡಿಸಿದವರು, ಮುದ್ರಿಸಿಕೊಂಡವರು ಯಾರೂ ನಮ್ಮ ಪಾಲು ಪಂಚಾಯಿತಿಯಲ್ಲಿ ಕೂತಿರಲಿಲ್ಲ.

ವಾರದ ಮೇಲೆ ಅದೇ ಸಿ.ಡಿ.ಯನ್ನು ನಾನೂ ಕೊಂಡೆ. ತಮ್ಮ ಫೋನಿನಲ್ಲಿ ನಕ್ಕ: “ಇದ್ದದ್ದನ್ನ ಮತ್ತ ಯಾಕ ಕೊಂಡಿ ಅಣ್ಣಾ?”

“ಅಪ್ಪಂದು ನಿನಗ ಬಂತಲ್ಲೋ. ನಾ ಕೇಳೂದಕ್ಕ ನಾನ ಕೊಡಬೇಕು.”

ಹಳೆಯ ಪ್ರತಿಯನ್ನು ಅಳಿಸಿಲ್ಲ. ಎಷ್ಟು ಸಲ ಓದಿದರೂ ತಂತ್ರಾಂಶಕ್ಕೆ ಸರಿಯಾಗಿ ಸಿಗದ ಒಂದು ಜಾಗದಲ್ಲಿ ‘ಟಕ್’ ಎಂಬ ಸದ್ದು ಉಳಿದಿದೆ. ಆ ಗೀರು ಅಪ್ಪನದು. ಅದು ಯಾವ ಅಂಗಡಿಯಲ್ಲೂ ಸಿಗುವುದಿಲ್ಲ.